‘ಸುತ್ತು’ ಪುಟದ ಕೆಂಪು ಸಾಲು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಅಂದುಕೊಂಡೆ. ಅದಾದ ಮೇಲೆ ಮೊಮ್ಮಗಳ ಲಗ್ನ ಮುಗಿಯಲಿ ಅಂದುಕೊಂಡೆ. ಲಗ್ನವೂ ಮುಗಿದು ಬೇರೆ ನೆವ ಸಿಗದೆ ಹೋದಾಗ, ಹಳೆಯ ಮಾತು, ಈಗ ಯಾರಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೋದ ವಾರ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಹೊರಗೆ ಮಳೆ. ಯಂತ್ರದಿಂದ ಬಿಸಿ ಕಾಗದದ ವಾಸನೆ ಬರುತ್ತಿತ್ತು. ನನ್ನ ಮುಂದೆ ಶಾಲೆಯ ಹುಡುಗಿಯೊಬ್ಬಳು ಯಾವುದೋ ಪುಸ್ತಕದ ಹಾಳೆಗಳನ್ನು ನಕಲು ಮಾಡಿಸುತ್ತಿದ್ದಳು. ಮೇಲಿನ ಹಾಳೆಯ ಹೊರ ಅಂಚಿನಲ್ಲಿ, ಹೆಬ್ಬೆರಳು ಬರುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ‘ಸುತ್ತು’ ಎಂದಿತ್ತು. ಆ ಪದವನ್ನು ಆ ಜಾಗದಲ್ಲಿ ಮೊದಲು ಕೂರಿಸಿದವನು ನಾನು.

ನಾನು ಬಸವಕಲ್ಯಾಣದವನು. ಮೆಟ್ರಿಕ್ ಪಾಸಾಗಿ ಕೋಟೆಯ ಹಾದಿಯಲ್ಲಿದ್ದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಕೂತೆ. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಅದರ ಮುಂದೆಯೂ ಕೂತೆ. ಲಗ್ನಪತ್ರಿಕೆ, ಸಂಘಗಳ ವರದಿ, ಪ್ರವಚನದ ಕರಪತ್ರ, ಬಂದದ್ದನ್ನೆಲ್ಲ ಮಾಡಿಕೊಟ್ಟೆ. ನನ್ನ ಕೈ ದಾಟಿ ಹೋದ ಕಾಗದದಲ್ಲಿ ತಪ್ಪಿರುವುದಿಲ್ಲ ಎಂಬ ಮಾತು ಊರಲ್ಲಿತ್ತು. ಪ್ರೂಫ್ ನೋಡುವುದಕ್ಕೆ ನಮ್ಮಲ್ಲಿ ಒಂದು ರೂಢಿ ಇದೆ. ಅರ್ಥದ ಹಿಂದೆ ಹೋಗಬಾರದು. ಅರ್ಥ ಹಿಡಿದು ಓದಿದರೆ ಕಣ್ಣು ಇಲ್ಲದ ಅಕ್ಷರವನ್ನೂ ಇದೆ ಎಂದು ಓದಿಬಿಡುತ್ತದೆ. ಅದಕ್ಕೆ ಸಾಲನ್ನು ಕೊನೆಯಿಂದ ಹಿಂದಕ್ಕೆ, ಒಂದೊಂದೇ ಅಕ್ಷರ ನೋಡುತ್ತ ಬರಬೇಕು. ತಪ್ಪು ಕಂಡಲ್ಲಿ ಕೆಂಪು ಪೆನ್ನಿನಿಂದ ಗುರುತು. ಜೀವಮಾನವೆಲ್ಲ ನಾನು ಬೇರೆಯವರ ಬರಹಕ್ಕೆ ಕೆಂಪು ಹಾಕಿದವನು. ನನಗೆ ಯಾರೂ ಹಾಕಿರಲಿಲ್ಲ.

ಕೊರೊನಾ ಕಳೆದ ಮೇಲಿನ ಒಂದು ಮಳೆಗಾಲ. ಪ್ರೆಸ್ ಮುಚ್ಚಿತ್ತು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಅಷ್ಟಿಷ್ಟು ಕೆಲಸ ಮಾಡುತ್ತಿದ್ದೆ. ಮಿರಗದ ಮೊದಲ ಮಳೆ ಬಿದ್ದು ಅಂಗಳವೆಲ್ಲ ಕರಿ ಕೆಸರಾಗಿದ್ದ ದಿನ, ಹುಮನಾಬಾದಿನಿಂದ ನಸೀಮ್ ಟೀಚರ್ ಬಂದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಸವಕಲ್ಯಾಣದ ಒಂದು ಸಂಸ್ಥೆ, ಓದು ಅರ್ಧಕ್ಕೆ ಬಿಟ್ಟ ಹುಡುಗಿಯರಿಗೆ ಕಂಪ್ಯೂಟರಿನ ಪ್ರೋಗ್ರಾಮ್ ಬರೆಯಲು ಕಲಿಸುವ ತರಗತಿಯನ್ನು ಹುಮನಾಬಾದಿನಲ್ಲಿ ತೆರೆದಿತ್ತು. ಕಲಿಸುವವರು ಅವರು. ಹೊಸಬರಿಗಾಗಿಯೇ ಮಾಡಿದ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಅದು, ಆಜ್ಞೆಗಳನ್ನು ಕನ್ನಡದಲ್ಲೇ ಬರೆಯಬಹುದು. ‘ತೋರಿಸು’ ಎಂದರೆ ಪರದೆಯ ಮೇಲೆ ತೋರಿಸುತ್ತದೆ. ‘ಇಡು’ ಎಂದರೆ ಒಂದು ಹೆಸರಿನ ಕೆಳಗೆ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ‘ಸುತ್ತು’ ಎಂದರೆ ಒಂದೇ ಕೆಲಸವನ್ನು ಹೇಳಿದಷ್ಟು ಸಲ ಮಾಡುತ್ತದೆ. ಆದರೆ ಅದರ ಜೊತೆ ಬಂದಿದ್ದ ಪುಸ್ತಕ ಯಾರಿಗೂ ತಿಳಿಯುತ್ತಿರಲಿಲ್ಲ.

“ಗೊತ್ತಿದ್ದವರು ಗೊತ್ತಿದ್ದವರಿಗೇ ಬರೆದಾರ್ರಿ ಕಾಕಾ,” ಅಂದರು ನಸೀಮ್ ಟೀಚರ್. “ನಾ ಹೊಸಾದು ಬರ್ಯಾಕತ್ತೇನಿ. ಒಂದು ಆಜ್ಞಾಕ್ಕ ಒಂದೇ ಪುಟ. ಮೊದಲಿಂದ ಓದೂ ಪುಸ್ತಕ ಅಲ್ಲ ಇದು. ಯಾವುದು ಬೇಕೋ ಅದನ್ನ ತೆಗದು ನೋಡೂದು, ಡಿಕ್ಷನರಿ ಹಾಂಗ. ಬಾಜೂಕ ಟೀಚರ್ ಇಲ್ಲದಿದ್ದರೂ ಹುಡುಗಿ ಒಬ್ಬಕೀನೇ ಕುಂತು ಮಾಡಿಕೋಬೇಕು.”

ಪುಟ ಜೋಡಿಸಿಕೊಡುತ್ತೇನೆ ಎಂದೆ.

“ಜೋಡಿಸೂದು ಒಂದಾತು. ಇನ್ನೊಂದು ಕೆಲಸ ಅದ. ನಿಮಗ ಪ್ರೋಗ್ರಾಮ್ ಬರೀಲಿಕ್ಕೆ ಬರ್ತದೇನ್ರಿ?”

“ಇಲ್ಲವ್ವ. ಟೈಪ್ ಮಾಡ್ತೀನಿ, ಅಷ್ಟೇ.”

“ಹಂಗಾದ್ರ ಛಲೋ ಆತು. ನನಗ ಬೇಕಾದವರು ಗೊತ್ತಿಲ್ಲದವರೇ. ಪ್ರತಿ ಪುಟ ನೀವು ಮೊದಲು ಓದಬೇಕು, ಅದರಾಗಿನ ಉದಾಹರಣಿ ಕಂಪ್ಯೂಟರಿನ್ಯಾಗ ಹೊಡದು ನೋಡಬೇಕು. ತಪ್ಪಾದ್ರ ಪರದಿ ಮ್ಯಾಲ ಕೆಂಪು ಸಾಲು ಬರ್ತದ. ಬಂದ್ರ ನನಗ ಹೇಳಬೇಕು. ಅದೇ ನಿಮ್ಮ ಕೆಲಸ.”

ಗೊತ್ತಿಲ್ಲದವನು ಬೇಕು ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಒಪ್ಪಿಕೊಂಡೆ. ಆದರೆ ಆ ಮಾತು ಒಳಗೆಲ್ಲೋ ಮುಳ್ಳಿನಂತೆ ಉಳಿಯಿತು.

ಆ ಮಳೆಗಾಲ ನಾನು ಹೆಚ್ಚುಕಡಿಮೆ ಹುಮನಾಬಾದಿನಲ್ಲೇ ಕಳೆದೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬರುವುದು. ದಾರಿಯುದ್ದಕ್ಕೂ ಸೋಯಾ, ತೊಗರಿ, ಉದ್ದು, ಎಲ್ಲವೂ ದಿನದಿನಕ್ಕೆ ಎತ್ತರವಾಗುತ್ತಿದ್ದವು. ತರಗತಿ ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೇಲೆ ತಗಡು. ಜೋರು ಮಳೆ ಬಂದರೆ ಪಾಠ ನಿಲ್ಲಿಸಿ ಎಲ್ಲರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ಕೆಳಗಿನಿಂದ ಬೀಜಕ್ಕೆ ಹಾಕುವ ಔಷಧದ ವಾಸನೆ, ಮೇಲೆ ನಾವು ತೆಗೆಯುತ್ತಿದ್ದ ಪ್ರಿಂಟಿನ ಬಿಸಿ ಕಾಗದದ ವಾಸನೆ. ಕರೆಂಟು ತನಗೆ ಮನಸ್ಸು ಬಂದಾಗ ಹೋಗುತ್ತಿತ್ತು.

ಪುಟದ ವಿಷಯದಲ್ಲಿ ಟೀಚರಿಗೂ ನನಗೂ ಜಗಳ. ನಾನು ಸುತ್ತ ಬಳ್ಳಿಯ ಅಂಚು ಹಾಕಿದೆ. “ಇದೇನು ಲಗ್ನದ ಕಾರ್ಡೇನ್ರಿ ಕಾಕಾ?” ಎಂದು ತೆಗೆಸಿದರು. ಖಾಲಿ ಜಾಗ ಬಿಟ್ಟರೆ ಕಾಗದ ದಂಡ ಎಂದು ನನ್ನ ವಾದ, ಖಾಲಿ ಇದ್ದರೇ ಹೆದರಿಕೆ ಕಡಿಮೆ ಎಂದು ಅವರದು. ಅವರು ಹೇಳಿದ್ದೇ ಸರಿ ಇತ್ತು. ಉದಾಹರಣೆಗಳನ್ನೆಲ್ಲ ಅವರು ಮನೆಯೊಳಗಿನಿಂದಲೇ ತಂದರು. ‘ಇಡು’ ಪುಟದಲ್ಲಿ ರೊಟ್ಟಿ ಎಂಬ ಹೆಸರಿನಲ್ಲಿ ಒಂದು ಸಂಖ್ಯೆ ಇಡುವುದು. ‘ಸುತ್ತು’ ಪುಟದಲ್ಲಿ, ರೊಟ್ಟಿ ಎಷ್ಟಿವೆಯೋ ಅಷ್ಟು ಸಲ ಪರದೆಯ ಮೇಲೆ ‘ಬಡಿ’ ಎಂದು ಬರುವುದು. ಹುಡುಗಿಯರು ಅದನ್ನು ನೋಡಿ ನಕ್ಕರು. ಆಜ್ಞೆಯ ಹೆಸರು ಹೊರ ಅಂಚಿಗೆ ಇರಲಿ, ಪುಸ್ತಕ ಸರಸರ ತಿರುವಿದರೂ ಸಿಗುತ್ತದೆ ಎಂದು ನಾನು ಹೇಳಿದ್ದನ್ನು ಟೀಚರ್ ಒಂದೇ ಮಾತಿಗೆ ಒಪ್ಪಿದರು. ಆ ದಿನ ಬಸ್ಸಿನಲ್ಲಿ ನಾನು ಬಹಳ ಖುಷಿಯಿಂದ ಮನೆಗೆ ಬಂದೆ.

ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿಯ ಮಾತು ಈಗ ಬರಬೇಕು. ಅವಳ ಹೆಸರನ್ನು ಕೊನೆಗೆ ಹೇಳುತ್ತೇನೆ. ಈಗಲೇ ಬರೆದರೆ ಮುಂದಿನದನ್ನು ಬರೆಯಲು ನನ್ನ ಕೈ ಏಳಲಿಕ್ಕಿಲ್ಲ. ದುಬಲಗುಂಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕೊರೊನಾದಲ್ಲಿ ಕಾಲೇಜು ಬಿಟ್ಟು ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದವಳು. ನಾನು ಪ್ರೂಫನ್ನು ಕೊನೆಯಿಂದ ಓದುವುದನ್ನು ಮೊದಲು ಗಮನಿಸಿದವಳು ಅವಳೇ.

“ಕಾಕಾ, ಉಲ್ಟಾ ಯಾಕ ಓದಾಕತ್ತೀರಿ? ಕಥಿ ಹ್ಯಾಂಗ ಮುಗೀತದ ಅಂತ ಮೊದಲೇ ನೋಡಾಕತ್ತೀರೇನು?”

“ತಪ್ಪು ಹುಡಕಾಕತ್ತೇನವ್ವ.”

“ಹಿಂದಿಂದ ಹೋದ್ರ ತಪ್ಪು ಗಾಬರಿಯಾಗಿ ತಾನೇ ಹೊರಗ ಬೀಳ್ತದೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಶ್ರಾವಣದಲ್ಲಿ ಸಂಸ್ಥೆ ದುಬಲಗುಂಡಿಯಲ್ಲಿ ಒಂದು ಕಂಪ್ಯೂಟರ್ ಕೋಣೆ ತೆರೆಯುವುದಿತ್ತು. ಆ ಊರಿನ ಹುಡುಗಿ ಎಂದು ಅವಳನ್ನೇ ಅಲ್ಲಿ ಕಲಿಸಲು ಇಡುವುದು, ಆದರೆ ಅದಕ್ಕೆ ಮೊದಲು ಪರೀಕ್ಷೆಯಾಗಬೇಕು ಎಂದಿದ್ದರು. ಅವಳು ಆಗಲೇ ಆ ಕೋಣೆಯ ಹೊರಗೆ ನಿಂತು ನೋಡಿ ಬಂದಿದ್ದಳು. “ಚಾವಿ ನನ್ನ ಕೈಯಾಗ ಬಂದ್ರ ಮೊದಲು ಕಿಡಕಿ ತೊಳೀತೀನ್ರಿ. ಒಳಗ ಏನದ ಅಂತ ಹೊರಗಿನವರಿಗೆ ಕಾಣಬೇಕು,” ಅನ್ನುತ್ತಿದ್ದಳು.

ನನ್ನ ತಪ್ಪು ನಡೆದದ್ದು ಆಷಾಢದ ಒಂದು ಬೆಳಿಗ್ಗೆ. ಆ ತನಕ ಪುಟಗಳನ್ನು ಟೀಚರ್ ಜೊತೆಗೇ, ಅವರ ಲ್ಯಾಪ್‌ಟಾಪಿನಲ್ಲಿ, ಒಂದಾದ ಮೇಲೆ ಒಂದು ಹೊಡೆದು ನೋಡಿದ್ದೆ. ಎಲ್ಲ ನಡೆದಿತ್ತು. ಆ ದಿನ ‘ಸುತ್ತು’ ಪುಟದ ಸರದಿ, ಟೀಚರ್ ಇನ್ನೂ ಬಂದಿರಲಿಲ್ಲ. ತರಗತಿಯ ಕಂಪ್ಯೂಟರ್ ಹಚ್ಚಿ, ‘ಸುತ್ತು’ ಪುಟ ತೆಗೆದು, ಇದ್ದದ್ದನ್ನು ಇದ್ದಂತೆ ಹೊಡೆದೆ. ಕೆಂಪು ಸಾಲು ಬಂತು. ರೊಟ್ಟಿ ಎಂಬ ಹೆಸರು ಇಲ್ಲ, ಎಂದಿತ್ತು. ಅಕ್ಷರ ಅಕ್ಷರ ನೋಡಿದೆ. ಕೊನೆಯಿಂದಲೂ ನೋಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಮತ್ತೆ ಹೊಡೆದೆ, ಮತ್ತೆ ಕೆಂಪು. ಮಕ್ಕಳಿಗೆ ಬರುವುದು ನನಗೆ ಬರಲಿಲ್ಲ, ವಯಸ್ಸಾಯಿತು, ತಲೆ ಓಡುವುದಿಲ್ಲ ಎಂದೇ ಅನಿಸಿತು. ಪುಟದಲ್ಲಿ ತಪ್ಪಿರಬಹುದು ಎಂದು ಒಂದು ಕ್ಷಣಕ್ಕೂ ಅನಿಸಲಿಲ್ಲ. ಮೆಟ್ಟಿಲ ಮೇಲೆ ಕೊಡೆ ಕೊಡವುವ ಸಪ್ಪಳವಾಯಿತು. ನಾನು ಪರದೆ ಆರಿಸಿಬಿಟ್ಟೆ.

“ಸುತ್ತು ಆತೇನ್ರಿ ಕಾಕಾ?”

“ಆತವ್ವ.”

“ಕೆಂಪು ಬಂತಾ?”

“ಇಲ್ಲ.”

ಅವರು ಪುಟದ ಮೂಲೆಯಲ್ಲಿ ಸರಿ ಎಂದು ಗುರುತು ಹಾಕಿದರು. ಅಷ್ಟೇ. ಒಂದು ಸಣ್ಣ ಸುಳ್ಳು. ಆ ಪುಟವನ್ನು ನಾನು ಮತ್ತೆ ತೆಗೆಯಲಿಲ್ಲ. ಅದು ಬರುವ ಜಾಗದಲ್ಲಿ ಎರಡು ಹಾಳೆ ಒಟ್ಟಿಗೆ ತಿರುವುತ್ತಿದ್ದೆ.

ಪರೀಕ್ಷೆಯ ದಿನ ಸಂಸ್ಥೆಯ ಸಾಹೇಬರು ಬಸವಕಲ್ಯಾಣದಿಂದ ಬಂದರು. ಟೀಚರ್ ಒಳಗೆ ಬರುವಂತಿಲ್ಲ ಎಂಬ ನಿಯಮವನ್ನು ಟೀಚರೇ ಮಾಡಿದ್ದರು. ಬರೆದವರು ಬಾಜೂಕ ಇದ್ದರೆ ಹುಡುಗಿಯರು ಪುಸ್ತಕ ಕೇಳುವುದಿಲ್ಲ, ಮುಖ ನೋಡುತ್ತಾರೆ ಎಂದು. ಅವರು ಕೆಳಗೆ ಬೀಜದ ಅಂಗಡಿಯ ಕಟ್ಟೆಯ ಮೇಲೆ ಕೂತರು. ನಾನು ಪುಸ್ತಕ ಜೋಡಿಸಿದವನೆಂದು ಕೋಣೆಯ ಹಿಂದೆ ಕೂತೆ. ಒಬ್ಬೊಬ್ಬರಿಗೆ ಒಂದೊಂದು ಪುಟ ಚೀಟಿ ಎತ್ತಿ ಕೊಟ್ಟರು. ಕಿಟಕಿಯ ಪಕ್ಕದ ಹುಡುಗಿಗೆ ‘ಸುತ್ತು’ ಬಂತು.

ಅವಳು ಹೊಡೆದಳು. ನಾನು ಕೂತಲ್ಲಿಂದಲೇ ಕೆಂಪು ಕಂಡಿತು. ಅವಳು ಪುಟ ನೋಡಿದಳು, ಪರದೆ ನೋಡಿದಳು, ಆಮೇಲೆ ಹಿಂದಕ್ಕೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು.

“ಕಾಕಾ, ಈ ಪುಟದಾಗ ಏನೋ ಬಿಟ್ಟದ ಅನಸ್ತದ್ರಿ. ನಿಮಗ ಸರಿ ಬಂದಿತ್ತೇನು?”

ಈಗ ನೆನೆದರೆ, ನನಗೆ ಆ ಘಳಿಗೆಯಷ್ಟು ಸುಲಭವಾದ ಘಳಿಗೆ ಮತ್ತೆ ಸಿಗಲಿಲ್ಲ. ಇಲ್ಲವ್ವ, ನನಗೂ ಬಂದಿರಲಿಲ್ಲ, ಎಂದರೆ ಮುಗಿಯುತ್ತಿತ್ತು. ಸಾಹೇಬರು ನನ್ನ ಕಡೆ ನೋಡುತ್ತಿದ್ದರು.

“ಬಂದಿತ್ತವ್ವ,” ಎಂದೆ. “ಇನ್ನೊಮ್ಮೆ ಬರಾಬ್ಬರಿ ನೋಡಿ ಹೊಡಿ.”

ಅವಳು ಇನ್ನೊಮ್ಮೆ ಹೊಡೆದಳು. ಮತ್ತೂ ಹೊಡೆದಳು. ಉಳಿದವರ ಪರದೆಗಳಲ್ಲಿ ಬರಬೇಕಾದದ್ದು ಬಂದಿತ್ತು. ಸಾಹೇಬರು ಎದ್ದು ಅವಳ ಕಡೆ ಬರುವಾಗ ಅವಳು ಕೈ ಚಾಚಿ ಪರದೆ ಆರಿಸಿದಳು. ನಾನು ಆರಿಸಿದ ಹಾಗೆಯೇ.

“ಎಲ್ಲಾರದೂ ಬಂತು. ಇಕಿದು ಯಾಕ ಬರಲಿಲ್ಲ?” ಸಾಹೇಬರು ನನ್ನನ್ನು ಕೇಳಿದರು. “ಈ ಪುಟ ನೋಡೀರಿಲ್ರಿ ನೀವು?”

“ನೋಡೀನ್ರಿ. ನನಗ ಬಂದದ್ರಿ.”

“ಹಂಗಾದ್ರ ಪುಟದ್ದೇನಿಲ್ಲ,” ಎಂದು ಅವರು ಮುಂದೆ ಹೋದರು.

ಸಂಜೆ ಟೀಚರ್ ಅವಳ ಹೆಗಲ ಮೇಲೆ ಕೈ ಇಟ್ಟು ಹೇಳುವುದು ಕೇಳಿಸಿತು. “ಕಾಕಾಗ ಬಂದದವ್ವ. ನೀ ಹೆದರಿದಿ, ಅಷ್ಟೇ.” ಅವಳು ತಲೆ ಆಡಿಸಿದಳು. ದುಬಲಗುಂಡಿಯ ಕೋಣೆ ಹುಡಗಿ ಎಂಬ ಬೇರೆ ಊರಿನ ಇನ್ನೊಬ್ಬಳಿಗೆ ಹೋಯಿತು. ಮರುದಿನ ಕಿಟಕಿಯ ಪಕ್ಕ ಯಾರೂ ಕೂರಲಿಲ್ಲ. ಅದರ ಮರುದಿನವೂ ಇಲ್ಲ.

ಭಾದ್ರಪದ ಕಳೆದು, ಪುಸ್ತಕವನ್ನು ಇನ್ನಷ್ಟು ಪ್ರತಿ ಮಾಡಿಸುವ ಮೊದಲು ಟೀಚರ್ ಹೊಸ ಲ್ಯಾಪ್‌ಟಾಪ್ ತಂದಿದ್ದರು. ಅದರಲ್ಲಿ ಮೊದಲು ಹೊಡೆದದ್ದೇ ‘ಸುತ್ತು’. ಕೆಂಪು ಸಾಲು ಬಂತು. ಅವರು ‘ಇಡು’ ಪುಟ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ನನಗೆ ತಿಳಿಸಿ ಹೇಳಿದರು. ರೊಟ್ಟಿ ಎಂಬ ಹೆಸರಿನಲ್ಲಿ ಸಂಖ್ಯೆ ಇಡುವ ಸಾಲು ‘ಇಡು’ ಪುಟದಲ್ಲಿ ಮಾತ್ರ ಇತ್ತು. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಅವರು ಪುಟಗಳನ್ನೆಲ್ಲ ಸಾಲಾಗಿ ಹೊಡೆದು ನೋಡಿದ್ದರು, ಮುಚ್ಚುವ ತನಕ ಅದು ಆ ರೊಟ್ಟಿಯನ್ನು ನೆನಪಿಟ್ಟಿರುತ್ತಿತ್ತು. ನೇರವಾಗಿ ‘ಸುತ್ತು’ ಪುಟಕ್ಕೆ ಬಂದವರಿಗೆ ರೊಟ್ಟಿಯೇ ಇಲ್ಲ. ಬೇಕಾದ ಪುಟಕ್ಕೆ ನೇರ ಬರಲಿ ಎಂದೇ ಮಾಡಿದ ಪುಸ್ತಕ ಅದು.

“ಕಾಕಾ,” ಅಂದರು, ನನ್ನ ಕಡೆ ನೋಡದೆ. “ನೀವು ಅವತ್ತ ಬೆಳಿಗ್ಗೆ ಒಬ್ಬರೇ ಹೊಡೆದಿದ್ರಿ. ನಿಮಗೂ ಬಂದಿರಬೇಕಲ್ರಿ ಇದು.”

ನಾನು ನೆಲ ನೋಡಿದೆ. ಅಷ್ಟರಲ್ಲೇ ಅವರಿಗೆ ತಿಳಿಯಿತು.

“ತಪ್ಪು ಬರೆದಾಕಿ ನಾನು. ನನಗೇನೂ ಹೇಳಬ್ಯಾಡ್ರಿ,” ಅಂದರು. “ಅಕಿಗೆ ಹೇಳ್ರಿ. ನಡೀರಿ, ನಾನೂ ಬರ್ತೀನಿ. ಸಾಹೇಬರ ಜೋಡಿ ಮಾತಾಡಿ ಅಕಿಗೆ ಇನ್ನೊಂದು ಜಾಗ ಕೊಡಸ್ತೀನಿ.”

“ನಾನೇ ಹೋಗ್ತೀನವ್ವ. ನಾನೊಬ್ಬನೇ ಹೇಳಬೇಕಾದದ್ದು ಅದು.”

ನಿಜವಾಗಿ ಹೇಳಬೇಕೆಂದೇ ಹೋದೆ. ಸೋಯಾ ಕೊಯ್ಲಿನ ದಿನಗಳು. ದುಬಲಗುಂಡಿಯಲ್ಲಿ ಬಸ್ಸು ಇಳಿದು ಕೇಳಿದರೆ, ರಸ್ತೆಯ ಬದಿಯ ಹೊಲವನ್ನೇ ತೋರಿಸಿದರು. ಹೆಂಗಸರು ಸಾಲಾಗಿ ಬಾಗಿ ಕೊಯ್ಯುತ್ತಿದ್ದರು. ಒಣಗಿದ ಕಾಯಿ ಕುಡುಗೋಲಿಗೆ ತಾಗಿ ಗಲಗಲ ಅನ್ನುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬಳು ಎದ್ದು ನಿಂತಳು.

“ಕಾಕಾ? ನೀವು ಈ ಕಡೆ?”

“ಹಿಂಗೇ ಬಂದಿದ್ದೆವ್ವ. ಪರಿಚಯದವರ ಮನಿಗೆ.” ಯಾಕೆ ಹಾಗೆ ಅಂದೆನೋ ತಿಳಿಯದು. ಬಾಯಿಗೆ ಅದೇ ಬಂತು.

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೂಗಿದಳು. “ಯಾರೇ ಅದು? ಹೆಣ್ಣು ನೋಡಾಕ ಬಂದಾರೇನು? ವರ ಸ್ವಲ್ಪ ಹಣ್ಣಾಗ್ಯಾನಲ್ಲೇ.”

“ಸುಮ್ಕಿರು ಆಯಿ. ನಮ್ಮ ಪುಸ್ತಕದ ಕಾಕಾ ಇವರು.” ಅವಳು ನಗುತ್ತ ಬದುವಿನ ಮೇಲಿದ್ದ ಬಾಟಲಿಯಿಂದ ನನಗೆ ನೀರು ಕೊಟ್ಟಳು. ಅಂಗೈಯೆಲ್ಲ ಸೋಯಾದ ಕಾಯಿ ಕೊರೆದು ಗೀಚಾಗಿತ್ತು. ಟೀಚರ್ ಹ್ಯಾಂಗ ಅದಾರ ಎಂದು ಕೇಳಿದಳು. ಆಮೇಲೆ ನಗು ನಿಲ್ಲಿಸಿ ಅಂದಳು.

“ಕಾಕಾ, ನಿಮ್ಮ ಮುಂದ ಒಂದು ಮಾತು ಹೇಳಬೇಕಂತ ಭಾಳ ದಿನದಿಂದ ಇತ್ತು. ಅವತ್ತ ಪುಟದಾಗ ಏನೋ ಬಿಟ್ಟದ ಅಂದೆ. ನೀವು, ಟೀಚರ್ ಅಷ್ಟು ಕಷ್ಟಪಟ್ಟು ಮಾಡಿದ ಪುಸ್ತಕ. ನನ್ನ ತಲಿ ಓಡಲಿಲ್ಲ, ಪುಟದ ಮ್ಯಾಲ ಹಾಕಿದೆ. ಮಾಫ್ ಮಾಡ್ರಿ.”

ನನ್ನ ಕೈಯಲ್ಲಿ ಅವಳು ಕೊಟ್ಟ ನೀರಿತ್ತು.

“ಇರಲಿ ಬಿಡವ್ವ,” ಎಂದೆ. “ಆದದ್ದಾತು.”

ಅವಳಿಗೆ ಹಗುರಾಯಿತು. ಮುಖದಲ್ಲೇ ಕಂಡಿತು. ಕುಡುಗೋಲು ಎತ್ತಿಕೊಂಡು ಸಾಲಿಗೆ ಹೋದಳು. ನಾನು ಬಸ್ಸಿಗಾಗಿ ರಸ್ತೆಯ ಮೇಲೆ ನಿಂತೆ. ಹೊಲ ಅಲ್ಲೇ ಇತ್ತು, ಬಸ್ಸು ಬಹಳ ಹೊತ್ತು ಬರಲಿಲ್ಲ. ಕರೆದರೆ ಕೇಳಿಸುವಷ್ಟು ಹತ್ತಿರ ಅವಳಿದ್ದಳು.

ಹುಮನಾಬಾದಿನಲ್ಲಿ ಟೀಚರ್ ಕಾಯುತ್ತಿದ್ದರು.

“ಹೇಳಿದ್ರೇನ್ರಿ?”

“ಹೇಳಿದೆ.”

“ಏನಂದ್ಲು?”

“ಇರಲಿ ಬಿಡ್ರಿ, ಆದದ್ದಾತು ಅಂದ್ಲು.”

“ತಿರುಗಿ ಬರ್ತಾಳಂತೇನು?”

“ಇಲ್ಲವ್ವ. ಮನಿಯಾಗ ಒಪ್ಪಂಗಿಲ್ಲಂತ. ಯಾರೂ ಬರಬ್ಯಾಡ್ರಿ, ಊರಾಗ ಮತ್ತ ಅದೇ ಮಾತಾಗ್ತದ ಅಂದ್ಲು.”

ಟೀಚರ್ ಅವಳ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದರು. ಅದು ಅವಳ ಮಾತಾಗಿರಲಿಲ್ಲ. ನಾನು ಅವಳಿಗೆ ಅಂದದ್ದನ್ನೇ ಅವಳ ಬಾಯಲ್ಲಿ ಇಟ್ಟಿದ್ದೆ, ಉಳಿದದ್ದನ್ನು ಹುಟ್ಟಿಸಿದ್ದೆ. ಮೊದಲಿನ ಸುಳ್ಳನ್ನು ನಾಚಿಕೆಯಿಂದ ಹೇಳಿದೆ ಎಂದಾದರೂ ಅನ್ನಬಹುದು. ಇದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ನಸೀಮ್ ಟೀಚರ್ ಈ ಬರಹ ಓದಿದರೆ ಅವರಿಗೂ ಇದು ಇವತ್ತೇ ತಿಳಿಯುತ್ತದೆ.

ಝೆರಾಕ್ಸ್ ಅಂಗಡಿಯಲ್ಲಿ ಆ ಶಾಲೆಯ ಹುಡುಗಿಯ ಕೈಯಿಂದ ಪುಸ್ತಕ ಇಸಿದುಕೊಂಡು ನೋಡಿದೆ. ಹೊಸ ಮುದ್ರಣ, ಬೇರೆ ಯಾರೋ ಜೋಡಿಸಿದ್ದಾರೆ. ಪ್ರತಿ ಪುಟದ ತಲೆಯಲ್ಲಿ ‘ಮೊದಲು ಬೇಕಾದದ್ದು’ ಎಂದು ಒಂದು ಸಾಲು. ‘ಸುತ್ತು’ ಪುಟದಲ್ಲಿ ರೊಟ್ಟಿಯನ್ನು ಇಡುವ ಸಾಲೂ ಬಂದಿದೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: ಕೆಂಪು ಸಾಲು ಬಂದರೆ ತಪ್ಪು ನಿಮ್ಮದೇ ಅಂದುಕೊಳ್ಳಬೇಡಿ, ಪುಟದ್ದೂ ಇರಬಹುದು, ನಮಗೆ ಹೇಳಿ. ಕೊನೆಯ ಪುಟದಲ್ಲಿ ಕೃತಜ್ಞತೆ. ಅಲ್ಲಿ ‘ಮೊದಲ ಓದುಗರು’ ಎಂದು ನನ್ನ ಹೆಸರು. ಟೀಚರ್ ತೆಗೆದಿರಲಿಲ್ಲ.

“ಅಜ್ಜಾ, ಇದು ನಿಮಗ ಬರ್ತದೇನ್ರಿ?” ಹುಡುಗಿ ಕೇಳಿದಳು.

“ಇಲ್ಲವ್ವ,” ಎಂದೆ. “ನನಗ ಕೆಂಪು ಬಂದಿತ್ತು.”

ಇಷ್ಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಆ ಹುಡುಗಿ “ಹೌದಾ” ಎಂದು ಹಾಳೆ ಜೋಡಿಸಿಕೊಂಡು ಮಳೆಯಲ್ಲಿ ಓಡಿಹೋದಳು. ಕೇಳಬೇಕಾದವಳು ಅವಳಾಗಿರಲಿಲ್ಲ. ಕೇಳಬೇಕಾದವಳು ಲಗ್ನವಾಗಿ ಹುಲಸೂರ ಕಡೆ ಹೋಗಿದ್ದಾಳಂತೆ. ಹುಲಸೂರ ಬಸ್ಸು ನಮ್ಮ ಬಸವಕಲ್ಯಾಣದ ನಿಲ್ದಾಣದಿಂದಲೇ ಬಿಡುತ್ತದೆ. ಅದರ ಬೋರ್ಡು ಓದಿ ನಾನು ಎಷ್ಟೋ ಸಲ ಮನೆಗೆ ತಿರುಗಿದ್ದೇನೆ.

ಆ ಪುಸ್ತಕದ ಮೊದಲ ಓದುಗ ನಾನಲ್ಲ. ನನಗೆ ಕೆಂಪು ಬಂದಾಗ ನಾನು ಪರದೆ ಆರಿಸಿದೆ. ಅದನ್ನು ಎದುರಿಗಿಟ್ಟುಕೊಂಡು, ಈ ಪುಟದಲ್ಲಿ ಏನೋ ಬಿಟ್ಟಿದೆ ಎಂದು ಮೊದಲು ಬಾಯಿ ಬಿಟ್ಟು ಹೇಳಿದವಳು ದುಬಲಗುಂಡಿಯವಳು. ಅವಳ ಹೆಸರು ಸುಜಾತಾ.